ಕೃತಕ ಕವಾಟದ ಪರೀಕ್ಷೆ: ಸ್ಟೆತಸ್ಕೋಪಿನಿಂದ ಎಕೋವರೆಗೆ

ಕೃತಕ ಹೃದಯ ಕವಾಟ ನೆಟ್ಟಗೆ ಕೆಲಸ ಮಾಡುತ್ತಿದೆಯೇ ಎಂದು ಮೊದಮೊದಲು ತಿಳಿಯುತ್ತಿದ್ದದ್ದು ಸ್ಟೆತಸ್ಕೋಪಿನಿಂದ. 1960ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಸ್ಟಾರ್-ಎಡ್ವರ್ಡ್ಸ್ ಕವಾಟದಲ್ಲಿ ಪಂಜರದೊಳಗಿನ ಚೆಂಡು ಪ್ರತಿ ಬಡಿತಕ್ಕೂ ಟಕ್ಕೆನ್ನುತ್ತಿತ್ತು. ಸದ್ದು ಮಂಕಾದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ. ಮುಂದೆ ಚೆಂಡಿನ ಬದಲು ಬಿಲ್ಲೆಯಿರುವ ಕವಾಟಗಳು ಎಷ್ಟು ತೆರೆಯುತ್ತವೆಂದು ಎಕ್ಸ್‌ರೇ ಪರದೆಯ ಮೇಲೆ ನೋಡುವ ಕ್ರಮವೂ ಬಂತು.

ನಿಜವಾದ ತಿರುವು ಡಾಪ್ಲರ್ ಎಕೋ, ಅಂದರೆ ಶ್ರವಣಾತೀತ ಧ್ವನಿತರಂಗಗಳಿಂದ ರಕ್ತದ ಹರಿವನ್ನು ಅಳೆಯುವ ಪರೀಕ್ಷೆ. 1970ರ ದಶಕದ ಕೊನೆಗೆ ನಾರ್ವೆಯ ವೈದ್ಯೆ ಲಿವ್ ಹಾಟ್ಲೆ ಮತ್ತು ಸಂಗಡಿಗರು ರಕ್ತ ಹರಿಯುವ ವೇಗದಿಂದಲೇ ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು ಲೆಕ್ಕಹಾಕಿ ತೋರಿಸಿದರು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರಾಯಿತು: ಸೆಕೆಂಡಿಗೆ 3 ಮೀಟರ್ ವೇಗವಿದ್ದರೆ ವ್ಯತ್ಯಾಸ 36 ಮಿ.ಮೀ. ಪಾದರಸ. ಹೃದಯಕ್ಕೆ ನಳಿಕೆ ತೂರಿಸದೆ ಇಷ್ಟು ತಿಳಿಯುವುದು ರೋಗಿಯ ಪಾಲಿಗೆ ದೊಡ್ಡ ಉಪಕಾರ.

ಭಾರತದಲ್ಲಿ ಹೃದಯದ ಸಹಜ ಕವಾಟ ಕೆಡಲು ರುಮ್ಯಾಟಿಕ್ ಜ್ವರ ಮುಖ್ಯ ಕಾರಣ. ಅದರ ಬದಲಿಗೆ ಹಾಕುವ ಆಮದು ಕವಾಟ ಬಡವರ ಕೈಗೆಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲು ಅಳವಡಿಸಲಾಯಿತು. ಬೆಂಗಳೂರಿನ ಪೂರ್ವಕ್ಕೆ, ಕೆ.ಆರ್. ಪುರದಾಚೆಯ ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿ 19ರಂದು ಆರಂಭವಾದ ಸತ್ಯಸಾಯಿ ಆಸ್ಪತ್ರೆ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿತು. ಯಾಂತ್ರಿಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆಯನ್ನು ತಪ್ಪಿಸಬಾರದು.