ಹುಟ್ಟಿದ ಊರು ಯಾವುದು: ವೀಸಾ ಅರ್ಜಿಯಲ್ಲಿ ಕಾಸರಗೋಡು

ಗಡಿನಾಡಿನ ಚರಿತ್ರೆಗೆ ಆಕರ ಅಂದ ಕೂಡಲೇ ನಾವು ಆಯೋಗದ ವರದಿ, ಚಳವಳಿಯ ಕರಪತ್ರ ಹುಡುಕುತ್ತೇವೆ. ಪ್ರವಾಸಿ ವೀಸಾದ ಅರ್ಜಿಯನ್ನೂ ಆ ಸಾಲಿಗೆ ಸೇರಿಸಬೇಕು ಅಂತ ನನ್ನ ವಾದ. ಮಕ್ಕಳು ಗಲ್ಫಿನಲ್ಲಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಮಗಳ ಬಾಣಂತನಕ್ಕೆ ಹೊರಟ ಹಿರಿಯರು ಮೊದಲು ಎದುರಿಸುವುದು ಈ ಕಾಗದವನ್ನೇ.

ಹುಟ್ಟಿದ ಸ್ಥಳದ ಕೋಣೆಯನ್ನೇ ನೋಡಿ. 1950ರಲ್ಲಿ ಮಂಜೇಶ್ವರದ ಹತ್ತಿರ ಹುಟ್ಟಿ, ಮನೆ ಬದಲಿಸದೆ ಬದುಕಿದವರೊಬ್ಬರು ಅಂತ ಇಟ್ಟುಕೊಳ್ಳೋಣ. ಹುಟ್ಟುವಾಗ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳ, 1957ರಲ್ಲಿ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಹಳೆಯ ಶಾಲಾ ಸರ್ಟಿಫಿಕೇಟಿನಲ್ಲಿ ಒಂದು ಜಿಲ್ಲೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಅರ್ಜಿಗೆ ಬೇಕಾದ್ದು ಒಂದೇ ಉತ್ತರ.

ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂದ ಮಹಾಜನ ವರದಿ ಬಂದದ್ದು 1967ರಲ್ಲಿ. ಪಾಸ್‌ಪೋರ್ಟ್ ಕಾಯ್ದೆಯೂ ಅದೇ ವರ್ಷದ್ದು. ಅದಕ್ಕೆ ಮೊದಲು ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟ್ ಆ ವರ್ಷದ ಏಪ್ರಿಲ್‌ನಲ್ಲಿ ಹೇಳಿತು. ಎರಡೂ ಒಟ್ಟಿಗೆ ಬಂದದ್ದು ಕಾಕತಾಳೀಯವೇ ಸರಿ. ವರದಿ ಕಪಾಟು ಸೇರಿತು, ಪಾಸ್‌ಪೋರ್ಟ್ ಮನೆಮನೆಗೆ ಬಂತು.

ಹೆಸರಿನ ಕಥೆ ಇನ್ನೂ ಸೂಕ್ಷ್ಮ. ರೈ, ಶೆಟ್ಟಿ, ಭಟ್ ಅಂತ ಇರುವವರಿಗೆ ತೊಂದರೆ ಕಡಿಮೆ. ಉಳಿದ ಎಷ್ಟೋ ಜನರಿಗೆ ಇರುವುದು ಒಂದು ಹೆಸರು, ಮುಂದೆ ಒಂದು ಇನಿಶಿಯಲ್. ಅದನ್ನು ಬಿಡಿಸಿದರೆ ಮನೆಯ ಹೆಸರೋ ಅಪ್ಪನ ಹೆಸರೋ ಬರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಪ್ರವಾಸಿ ವೀಸಾ ಇಲ್ಲ ಅಂದಿತು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಅಂತ ಸಡಿಲಿಸಿತು. ನಮ್ಮಲ್ಲಿ ಇದರ ಜೊತೆಗೆ ಲಿಪಿಯದ್ದೂ ಉಂಟು. ಕನ್ನಡ ಶಾಲೆಯ ಗೋಪಾಲ ಮಲಯಾಳದ ದಾಖಲೆಯಲ್ಲಿ ಗೋಪಾಲನ್ ಆದರೆ, ಇಂಗ್ಲಿಷಿನಲ್ಲಿ ಆ ಒಂದು ಅಕ್ಷರವೇ ಎರಡು ಮನುಷ್ಯರನ್ನು ಹುಟ್ಟಿಸುತ್ತದೆ. ಗಡಿ ಜಗಳವನ್ನು ನಾವು ನಕ್ಷೆಯಲ್ಲೇ ಓದುತ್ತಾ ಬಂದದ್ದರಿಂದ ಇದು ಕಣ್ಣಿಗೆ ಬೀಳಲಿಲ್ಲ ಅಂತ ನನಗನಿಸುತ್ತದೆ.

ಅಮೆರಿಕದ ಪ್ರವಾಸಿ ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕು. ಅದರಲ್ಲಿ ಒಂದು ಕೋಣೆ ಮಾತ್ರ ಪೂರ್ಣ ಹೆಸರನ್ನು ನಿಮ್ಮ ಸ್ವಂತ ಲಿಪಿಯಲ್ಲಿ ಬರೆಯಿರಿ ಅನ್ನುತ್ತದೆ. ಅನ್ವಯಿಸುವುದಿಲ್ಲ ಅಂತ ಗುರುತು ಹಾಕಿ ದಾಟಿಬಿಡಬಹುದು. ಅರ್ಜಿ ತುಂಬಿಸುವ ಅಂಗಡಿಯವರು ಹಾಗೇ ಮಾಡಲು ಹೊರಟಿದ್ದರು. ಅಜ್ಜಿಗೆ ವಿಷಯ ಹೇಳಿದೆ. “ಕನ್ನಡದಲ್ಲಿ ಬರೆದ್ರೆ ಅವರಿಗೆ ಓದ್ಲಿಕ್ಕೆ ಬರ್ತದಾ ಮಗಾ?” ಅಂದರು. ಬರುವುದಿಲ್ಲ ಅಜ್ಜಿ, ಆದ್ರೂ ಕೇಳಿದ್ದಾರಲ್ಲ ಅಂದೆ. “ಹಾಗಾದ್ರೆ ಬರಿ” ಅಂದರು.