ಶಿಲೆಯ ಸುದ್ದಿ, ಅಂಗೈಯ ಸುದ್ದಿ



ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವ ದಾರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ತೆಂಗಿನ ತೋಟ, ರಾಗಿಯ ಹೊಲ, ಅಲ್ಲಲ್ಲಿ ಕೆರೆಯ ಏರಿ, ಅದರ ಬದಿಯಲ್ಲಿ ಒಂದು ಬರಹದ ಕಲ್ಲು. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಬರಿಯ ಕಲ್ಲು. ಆದರೆ ಒಂದು ಕಾಲಕ್ಕೆ ಅದೇ ಆ ಊರಿನ ಪತ್ರಿಕೆ, ಅದೇ ನೋಂದಣಿ ಕಚೇರಿ, ಅದೇ ಕಾವಲುಗಾರ. ಈ ಮಾತನ್ನು ನಾನು ಇಂದು ಏಕೆ ಎತ್ತುತ್ತಿದ್ದೇನೆಂದರೆ, ನಮ್ಮ ಧರ್ಮಕೇಂದ್ರದಲ್ಲಿ ನಡೆದ ಒಂದು ಘಟನೆ ನನ್ನನ್ನು ಮತ್ತೆ ಆ ಕಲ್ಲುಗಳ ಬಳಿಗೆ ಕರೆದೊಯ್ದಿತು.

ಒಂದು ಶನಿವಾರ ಸಂಜೆ ನಿವೃತ್ತ ಶಿಕ್ಷಕಿಯೊಬ್ಬರು ನನ್ನನ್ನು ಕಾಣಲು ಬಂದರು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು. ಅವರ ಮೊಬೈಲಿಗೆ ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬನ ವೀಡಿಯೋ ಕರೆ ಬಂದಿತ್ತಂತೆ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರೊಡನೆಯೂ ಮಾತನಾಡಕೂಡದು" ಎಂದು ಹೆದರಿಸಿ, ಎರಡು ದಿನ ಅವರನ್ನು ಅವರದೇ ಮನೆಯಲ್ಲಿ ಸೆರೆಯಾಳಾಗಿಸಿ, ಉಳಿತಾಯದ ಹಣವನ್ನೆಲ್ಲ ಕಂತುಗಳಲ್ಲಿ ಕಸಿದುಕೊಂಡಿದ್ದರು. ಅವರು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಸ್ವಾಮಿ, ಇಂಥದ್ದೊಂದು ಇದೆಯೆಂದು ನನಗೆ ಯಾರೂ ಏಕೆ ಹೇಳಲಿಲ್ಲ?"

ಓದುಗರೇ, ನನ್ನ ಮೇಜಿನ ಮೇಲೆ ಅದೇ ಬಗೆಯ ವಂಚನೆಯನ್ನು ಕುರಿತ ಎಚ್ಚರಿಕೆಯ ಸುತ್ತೋಲೆಯೊಂದು ಮೂರು ವಾರಗಳಿಂದ ಬಿದ್ದಿತ್ತು. ಭಾನುವಾರ ಪೂಜೆಯ ಅಂತ್ಯದಲ್ಲಿ ಓದಿ ಹೇಳಲು ಎರಡು ನಿಮಿಷ ಸಾಕಾಗಿತ್ತು. ಹಬ್ಬದ ಸಿದ್ಧತೆ, ಪ್ರವಾಸದ ಪ್ರಕಟಣೆಗಳ ನಡುವೆ ನಾನದನ್ನು ಬದಿಗಿಟ್ಟಿದ್ದೆ. ಆ ತಾಯಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಚರಿತ್ರೆಯ ಕಡೆಗೆ ಬರೋಣ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಸಣ್ಣ ಊರಿನ ಹೆಸರನ್ನು ಶಾಲೆಯ ಮಕ್ಕಳೆಲ್ಲರೂ ಬಲ್ಲರು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಅಲ್ಲಿನ ಶಾಸನವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತಾರೆ. ಕನ್ನಡದ ಅತಿ ಪ್ರಾಚೀನ ಶಾಸನಗಳ ಸಾಲಿನಲ್ಲಿ ಅದಕ್ಕೆ ವಿಶೇಷ ಗೌರವವಿದೆ. ಅದರಲ್ಲಿರುವುದೇನು? ಕದಂಬ ಕಾಕುಸ್ಥನ ಆಳ್ವಿಕೆಯಲ್ಲಿ, ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬವನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ಸಂಗತಿ. ಕೊನೆಯಲ್ಲಿ, ಈ ದಾನವನ್ನು ಕದ್ದವನಿಗೆ ಪಾಪ ತಟ್ಟಲೆಂಬ ಶಾಪ. ಇಷ್ಟೇ. ಆದರೆ ಗಮನಿಸಿ: ಸುದ್ದಿ, ಆ ಸುದ್ದಿಗೆ ಆಧಾರವಾದ ಅಧಿಕಾರ, ಅದನ್ನು ಕೆಡಿಸುವವರಿಗೆ ಎಚ್ಚರಿಕೆ, ಈ ಮೂರೂ ಒಂದೇ ಕಲ್ಲಿನಲ್ಲಿ ಜೊತೆಯಾಗಿವೆ. ಸುದ್ದಿ ಮತ್ತು ಭದ್ರತೆ ಬೇರೆ ಬೇರೆಯಲ್ಲವೆಂದು ಸಾವಿರದೈನೂರು ವರ್ಷಗಳ ಹಿಂದಿನ ಜನರು ಅರಿತಿದ್ದರು.

ಹೊಯ್ಸಳರ ಕಾಲಕ್ಕೆ ಈ ಪದ್ಧತಿ ಊರೂರಿಗೆ ಹರಡಿತು. 1117ರಲ್ಲಿ ವಿಷ್ಣುವರ್ಧನನು ಬೇಲೂರಿನ ದೇವಾಲಯವನ್ನು ಪ್ರತಿಷ್ಠಾಪಿಸಿದ ವಿಷಯ ಶಾಸನದಲ್ಲಿದೆ. ಅಲ್ಲಿ ದುಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಇದು ಯಾರ ಕೆಲಸವೆಂದು ಯಾರೂ ಸಂದೇಹಪಡಬೇಕಾಗಿಲ್ಲ. ಭೂಮಿ ಕೊಟ್ಟರೆ ಅದರ ಎಲ್ಲೆ, ತೆರಿಗೆ ಬಿಟ್ಟರೆ ಅದರ ವಿವರ, ಕೆರೆ ಕಟ್ಟಿಸಿದರೆ ಕಟ್ಟಿಸಿದವರ ಹೆಸರು, ಎಲ್ಲವೂ ಜನ ನಡೆದಾಡುವ ಎಡೆಯಲ್ಲಿ ನಿಂತವು. ಅರಸೀಕೆರೆಯ ಹೆಸರೇ ಅರಸಿಯೊಬ್ಬಳು ಕಟ್ಟಿಸಿದ ಕೆರೆಯ ನೆನಪು. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಪ್ರಕಟಿಸಿದಾಗ, ಈ ತಾಲ್ಲೂಕುಗಳ ಶಾಸನಗಳೇ ಪುಟಗಟ್ಟಲೆ ತುಂಬಿದವು.

ಹಾಗಾದರೆ ಆ ಕಾಲದಲ್ಲಿ ವಂಚಕರಿರಲಿಲ್ಲವೇ? ಇದ್ದರು. ದಾನದ ದಾಖಲೆಯನ್ನು ತಾಮ್ರದ ತಗಡುಗಳ ಮೇಲೆ ಕೊರೆದು, ಅವುಗಳನ್ನು ಬಳೆಯಿಂದ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆ ಒತ್ತುತ್ತಿದ್ದರು. ನಡುವೆ ಹೊಸ ತಗಡು ಸೇರಿಸಬಾರದು, ಇದ್ದುದನ್ನು ಕೀಳಬಾರದು ಎಂಬುದೇ ಆ ಮುದ್ರೆಯ ಉದ್ದೇಶ. ಇಷ್ಟಾದರೂ ಸುಳ್ಳು ಶಾಸನಗಳನ್ನು ಸೃಷ್ಟಿಸಿ ಭೂಮಿಗೆ ಹಕ್ಕು ಸಾಧಿಸಿದವರಿದ್ದರು. ಇವನ್ನು 'ಕೂಟಶಾಸನ' ಎನ್ನುತ್ತಾರೆ. ಗಂಗರ ಹೆಸರಿನ ಹಲವು ತಾಮ್ರಪಟಗಳು ಖೋಟಾ ಎಂದು ವಿದ್ವಾಂಸ ಜೆ. ಎಫ್. ಫ್ಲೀಟ್ ವಾದಿಸಿದರು, ರೈಸ್ ಅದನ್ನು ಒಪ್ಪಲಿಲ್ಲ, ಇಬ್ಬರ ನಡುವಿನ ಚರ್ಚೆ ವರ್ಷಗಟ್ಟಲೆ ನಡೆಯಿತು.

ಖೋಟಾ ಶಾಸನವನ್ನು ಪತ್ತೆ ಮಾಡುವ ಬಗೆ ಹೇಗೆ? ಹೇಳಿದ ಕಾಲಕ್ಕೂ ಬರೆದ ಲಿಪಿಗೂ ಹೊಂದಿಕೆಯಿರುವುದಿಲ್ಲ. ತಿಥಿ ಮತ್ತು ವಾರ ಕೂಡುವುದಿಲ್ಲ. ಭಾಷೆಯಲ್ಲಿ ಅಸಹಜವಾದ ತಪ್ಪುಗಳಿರುತ್ತವೆ. ನಾನು ಗುರುಮಠದಲ್ಲಿ ಓದುತ್ತಿದ್ದಾಗ ನಮಗೆ ಚರಿತ್ರೆ ಕಲಿಸಿದ ವೃದ್ಧ ಗುರುಗಳು ಯಾವ ದಾಖಲೆ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ ಎನ್ನುತ್ತಿದ್ದರು: ಇದನ್ನು ಬರೆದವರು ಯಾರು? ಈಗ ಏಕೆ ಬರೆದರು? ಇದರಿಂದ ಲಾಭ ಯಾರಿಗೆ? ಇಂದು ನಿಮ್ಮ ಮೊಬೈಲಿಗೆ "ನಿಮ್ಮ ಬ್ಯಾಂಕ್ ಖಾತೆ ಇಂದು ರಾತ್ರಿ ಸ್ಥಗಿತಗೊಳ್ಳುತ್ತದೆ, ಈ ಲಿಂಕ್ ಒತ್ತಿ" ಎಂಬ ಸಂದೇಶ ಬಂದರೆ ಅದೇ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಅದು ಇಪ್ಪತ್ತೊಂದನೆಯ ಶತಮಾನದ ಕೂಟಶಾಸನವೇ ಸರಿ.

ಸುದ್ದಿ ತಡವಾದರೆ ಏನಾಗುತ್ತದೆಂಬುದಕ್ಕೆ ಹಳೇಬೀಡೇ ಸಾಕ್ಷಿ. 1311ರ ಫೆಬ್ರವರಿಯಲ್ಲಿ ದೆಹಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಿದ್ದನು. ಮೂರನೆಯ ಬಲ್ಲಾಳನ ಗಮನವೆಲ್ಲ ಆಗ ದಕ್ಷಿಣದ ಪಾಂಡ್ಯ ಸೋದರರ ಕಲಹದ ಕಡೆಗಿತ್ತು. ಆ ಸಂಗತಿ ಕಾಫರನಿಗೆ ಮೊದಲೇ ತಿಳಿಯಿತು. ಆಯ್ದ ಕುದುರೆಪಡೆಯೊಡನೆ ಧಾವಿಸಿ ಬಂದನು. ರಾಜಧಾನಿಯ ಬಗ್ಗೆ ರಾಜನಿಗಿಂತ ಶತ್ರುವಿಗೆ ಹೆಚ್ಚು ಸುದ್ದಿಯಿತ್ತು. ದೋರಸಮುದ್ರ ಕಾಲಕ್ರಮದಲ್ಲಿ ಹಾಳೂರಾಗಿ ಹಳೇಬೀಡಾಯಿತು. ನಮ್ಮ ಮನೆಯ ಸಂಗತಿ ನಮಗಿಂತ ಚೆನ್ನಾಗಿ ಕಳ್ಳನಿಗೆ ಗೊತ್ತಿರುವ ಸ್ಥಿತಿ ಇಂದಿಗೂ ಅಷ್ಟೇ ಅಪಾಯಕರ.

ಈ ಹಳೆಯ ವ್ಯವಸ್ಥೆಗೆ ಒಂದು ದೊಡ್ಡ ಕೊರತೆಯಿತ್ತು, ಅದನ್ನು ಮುಚ್ಚಿಡಬಾರದು. ಕಲ್ಲು ಎಲ್ಲರ ಎದುರು ನಿಂತಿತ್ತು ನಿಜ, ಆದರೆ ಓದಬಲ್ಲವರು ಕೆಲವರೇ. ಅಗ್ರಹಾರ, ಮಠ, ಬಸದಿಗಳಲ್ಲಿ ವಿದ್ಯೆ ಬೆಳಗಿತು. ಹೊಲದಲ್ಲಿ ದುಡಿಯುವವನ ಮಗನಿಗೂ ಮಗಳಿಗೂ ಆ ಬೆಳಕು ದೊರೆಯಲಿಲ್ಲ. ಓದು ಬಾರದವನು ತನ್ನ ಜಮೀನಿನ ಎಲ್ಲೆಗೂ ಬೇರೊಬ್ಬನ ಬಾಯನ್ನೇ ನಂಬಬೇಕಾಗಿತ್ತು. ಅಕ್ಷರವಿಲ್ಲದವನಿಗೆ ಶಾಸನ ಬರಿಯ ಕಲ್ಲು.

ಅಚ್ಚಿನ ಯುಗ ಬಂದ ಮೇಲೆ ಸುದ್ದಿ ನಡೆಯತೊಡಗಿತು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಕನ್ನಡದ ಮೊದಲ ಪತ್ರಿಕೆಯೆಂದು ಅದನ್ನು ಗೌರವಿಸುತ್ತೇವೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಹಾಳೆಗಳಲ್ಲಿ ಊರಿನ ವರ್ತಮಾನದ ಜೊತೆಗೆ ಸರಕಾರದ ಕಾಯಿದೆ ಕಟ್ಟಳೆಗಳೂ ಇರುತ್ತಿದ್ದವು. ನಿಯಮ ತಿಳಿಯದವನು ಮೋಸ ಹೋಗುತ್ತಾನೆಂಬ ತಿಳಿವು ಅದರ ಹಿಂದಿತ್ತು. ಮುಂದೆ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರು ಕೊನೆಗೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಓದು ಬಾರದವನ ಕಿವಿಗೂ ಸುದ್ದಿ ಮುಟ್ಟಿತು.

ನಮ್ಮ ಜಿಲ್ಲೆಗೆ ಇನ್ನೂ ಒಂದು ಹೆಮ್ಮೆಯಿದೆ. 1982ರಿಂದ ಹಾಸನದಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ ದುಡಿಯುತ್ತಿದೆ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಹಾರಿಬಿಟ್ಟ 'ಎಜುಸ್ಯಾಟ್' ಉಪಗ್ರಹ 2010ರವರೆಗೆ ಸೇವೆ ಸಲ್ಲಿಸಿತು. ಅದರ ಆರಂಭದ ಪ್ರಯೋಗಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದುದನ್ನು ನಿಮ್ಮ ಮಕ್ಕಳು ಮರೆತಿರಲಾರರು. ಅಗ್ರಹಾರದ ಗೋಡೆಯೊಳಗಿದ್ದ ಪಾಠ ಮನೆಯ ಜಗಲಿಗೆ ಬಂದಿತ್ತು.

ಭೂದಾಖಲೆಯ ಕಥೆಯೂ ಹೀಗೆಯೇ. ಕಲ್ಲಿನಿಂದ ತಾಮ್ರಕ್ಕೆ, ತಾಮ್ರದಿಂದ ಶಾನುಭೋಗರ ಕಡತಕ್ಕೆ ಇಳಿದಿದ್ದ ಜಮೀನಿನ ವಿವರ, 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಅದರಲ್ಲಿ ಸೇರಿದವು. ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ನಿಯಮ ಮಾಡಿದರು. ತಾಮ್ರಪಟದ ಬಳೆಯ ಮೇಲಿನ ಮುದ್ರೆ ಮಾಡುತ್ತಿದ್ದ ಕೆಲಸವನ್ನು ಈಗ ಬೆರಳು ಮಾಡುತ್ತದೆ.

ಹೊಸ ಬಾಗಿಲಿಗೆ ಹೊಸ ಕಳ್ಳರೂ ಬಂದರು. ಹೊಸ ಕಾವಲೂ ಬಂತು. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ, 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ, 2019ರಲ್ಲಿ ದೂರು ಕೊಡಲು ರಾಷ್ಟ್ರೀಯ ಜಾಲತಾಣ, ಆಮೇಲೆ 1930 ಎಂಬ ಸಹಾಯವಾಣಿ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ಬಾನುಲಿ ಭಾಷಣದಲ್ಲಿ, ಡಿಜಿಟಲ್ ಅರೆಸ್ಟ್ ಎಂಬ ವ್ಯವಸ್ಥೆಯೇ ಕಾನೂನಿನಲ್ಲಿಲ್ಲವೆಂದು ದೇಶಕ್ಕೆಲ್ಲ ತಿಳಿಸಿದರು. ಸುದ್ದಿ ಇತ್ತು. ನಮ್ಮ ಶಿಕ್ಷಕಿಯ ಮನೆ ಬಾಗಿಲಿಗೆ ಅದು ಮುಟ್ಟಲಿಲ್ಲ. ಓದು ಬಲ್ಲವರೇ ಶಾಸನದ ಮುಂದೆ ಓದು ಬಾರದವರಂತೆ ನಿಂತರು. ಅವರು 1930ಕ್ಕೆ ಕರೆ ಮಾಡಿದ್ದು ಐದು ದಿನಗಳ ನಂತರ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಕ್ಕೆ ಸಾಗುವುದನ್ನು ತಡೆಯುವ ಸಾಧ್ಯತೆ ಹೆಚ್ಚು. ದಿನಗಳು ಕಳೆದಂತೆ ಅದು ಖಾತೆಯಿಂದ ಖಾತೆಗೆ ಹರಿದು ಹೋಗುತ್ತದೆ.

ಶಿಕ್ಷಣದ ಸುದ್ದಿಯಲ್ಲೂ ಇದೇ ಪಾಡು. 2024ರಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತ್ತು. ನನಗೆ ಪರಿಚಿತನಾದ ಹುಡುಗನೊಬ್ಬ ಮೊದಲ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಸೋತು, "ಒಂದು ವರ್ಷ ಹೋಯಿತು" ಎಂದುಕೊಂಡು ಬೆಂಗಳೂರಿಗೆ ಕೂಲಿಗೆ ಹೊರಟುಹೋದ. ಆ ವಿಷಯ ಅವನ ತಂದೆಗೆ ತಿಳಿದದ್ದು ಕೊನೆಯ ದಿನಾಂಕ ಮುಗಿದ ಮೇಲೆ.

ಹಾಗೆಂದು ದಿನವಿಡೀ ಮೊಬೈಲ್ ಹಿಡಿದು ಕುಳಿತಿರಬೇಕೆಂದು ನಾನು ಹೇಳುವುದಿಲ್ಲ. ಎಲ್ಲ ಸುದ್ದಿಯ ಹಿಂದೆ ಓಡುವವನಿಗೆ ಯಾವ ಸುದ್ದಿಯೂ ನಿಲ್ಲುವುದಿಲ್ಲ. ನಮಗೆ ವಾರವೆಂಬ ಸುಂದರವಾದ ಅಳತೆಯಿದೆ. ಆರು ದಿನ ದುಡಿದು ಏಳನೆಯ ದಿನ ಕೂಡುವ ಜನ ನಾವು. ಆ ಘಟನೆಯ ನಂತರ ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಪ್ರಕಟಣೆಗಳ ಜೊತೆ ಐದು ನಿಮಿಷ ಇದಕ್ಕೆಂದೇ ಮೀಸಲಿಟ್ಟಿದ್ದೇವೆ. ಕಾಲೇಜು ಓದುವ ಇಬ್ಬರು ಯುವಜನರು ವಾರದ ಮೂರು ಸಂಗತಿಗಳನ್ನು ಸರಳ ಕನ್ನಡದಲ್ಲಿ ಹೇಳುತ್ತಾರೆ: ಹೊಸದಾಗಿ ಬಂದ ಒಂದು ತಂತ್ರಜ್ಞಾನದ ವಿಷಯ, ಕೇಳಿಬಂದ ಒಂದು ವಂಚನೆ, ಶಾಲಾ ಕಾಲೇಜಿನ ಒಂದು ಪ್ರಕಟಣೆ. ಯಾರೋ ಕಳುಹಿಸಿದ ವಾಟ್ಸಾಪ್ ಸಂದೇಶವನ್ನು ಓದುವಂತಿಲ್ಲ. ಇಲಾಖೆಯ, ಪರೀಕ್ಷಾ ಮಂಡಳಿಯ ಅಥವಾ ಬ್ಯಾಂಕಿನ ಅಧಿಕೃತ ಪ್ರಕಟಣೆಯನ್ನು ನೋಡಿಯೇ ಹೇಳಬೇಕು.

ನಿಮ್ಮ ಮನೆಯಲ್ಲೂ ಹೀಗೆ ಮಾಡಬಹುದು. ಭಾನುವಾರದ ಊಟದ ನಂತರ ಮೊಮ್ಮಗಳು ಅಜ್ಜಿಯ ಪಕ್ಕ ಕುಳಿತು ನಾಲ್ಕು ಮಾತು ಹೇಳಲಿ. ಓಟಿಪಿಯನ್ನೂ ಪಿನ್ ಸಂಖ್ಯೆಯನ್ನೂ ಯಾರಿಗೂ ಹೇಳಬಾರದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡುವಾಗ ಮಾತ್ರ ಒತ್ತಬೇಕು. ಪೊಲೀಸರು ವೀಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. "ಯಾರಿಗೂ ಹೇಳಬೇಡಿ" ಎಂದು ಯಾರಾದರೂ ಹೇಳಿದರೆ, ಮೊದಲು ಮನೆಯವರಿಗೆ ಹೇಳಬೇಕು. ಹಣ ಹೋದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮೋಸ ಹೋದವರನ್ನು "ಇಷ್ಟೂ ತಿಳಿಯಲಿಲ್ಲವೇ" ಎಂದು ಹಂಗಿಸಬೇಡಿ. ಆ ಹಂಗಿನ ಭಯವೇ ಅವರ ಬಾಯಿ ಕಟ್ಟುತ್ತದೆ; ವಂಚಕನಿಗೆ ಬೇಕಾದುದೂ ಅದೇ.

ಕಳ್ಳನು ಬರುವ ಹೊತ್ತು ತಿಳಿದಿದ್ದರೆ ಮನೆಯ ಯಜಮಾನನು ಎಚ್ಚರವಾಗಿರುತ್ತಿದ್ದನೆಂಬ ಅರ್ಥದ ಮಾತು ಶುಭಸಂದೇಶದಲ್ಲಿದೆ. ಅದನ್ನು ಎಷ್ಟೋ ಬಾರಿ ಪೀಠದಿಂದ ವಿವರಿಸಿದ್ದೇನೆ. ತಿಳಿದವನು ನೆರೆಯವನನ್ನು ಎಬ್ಬಿಸದೆ ಮಲಗಿದರೆ ಅದೂ ತಪ್ಪೇ ಎಂಬುದು ನನಗೆ ಆ ಶನಿವಾರ ಸಂಜೆ ಅರ್ಥವಾಯಿತು.

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಶಿಲ್ಪಗಳನ್ನು ತೋರಿಸುವುದರೊಡನೆ, ಒಂದು ಶಾಸನದ ಮುಂದೆಯೂ ಐದು ನಿಮಿಷ ನಿಲ್ಲಿಸಿ. ತಾವು ತಿಳಿದುದನ್ನು ಮುಂದಿನವರಿಗೂ ತಿಳಿಯಲೆಂದು ಕಲ್ಲಿನಲ್ಲಿ ಬರೆದ ಜನ ಇಲ್ಲಿ ಬಾಳಿದ್ದರೆಂದು ಹೇಳಿ. ನಮ್ಮ ಶಿಕ್ಷಕಿಯ ಹಣ ಮರಳಿ ಬಂದಿಲ್ಲ. ಆದರೆ ಈಗ ಪ್ರತಿ ಭಾನುವಾರ ಆ ಐದು ನಿಮಿಷದ ಹಾಳೆಯನ್ನು ತಿದ್ದಿಕೊಡುವವರು ಅವರೇ. ಕಳೆದ ತಿಂಗಳು ಅದನ್ನು ಕೇಳಿ ಹೋದ ರೈತರೊಬ್ಬರು, ಅಂಥದೇ ಕರೆ ಬಂದಾಗ ಮಾತು ಬೆಳೆಸದೆ ಫೋನ್ ಇಟ್ಟರಂತೆ.