ವಿಡಿಯೊ ಕಡತಗಳಿಂದ ಫೈಲ್ ಎಕ್ಸ್‌ಪ್ಲೋರರ್ ಸ್ಥಗಿತಗೊಳ್ಳುವಿಕೆ: ಕಾರಣಗಳು ಮತ್ತು ನಿರ್ವಹಣೆ

ಕ್ಷೇತ್ರ ಪ್ರಯೋಗಗಳಲ್ಲಿಯೂ ರೈತರ ತಾಕುಗಳಲ್ಲಿಯೂ ಬೆಳೆಯ ಹಂತ, ಕೀಟ ಹಾಗೂ ರೋಗಬಾಧೆಯನ್ನು ವಿಡಿಯೊ ರೂಪದಲ್ಲಿ ದಾಖಲಿಸುವುದು ಈಗ ರೂಢಿಯಲ್ಲಿದೆ. ಇಂತಹ ಕಡತಗಳಿರುವ ಫೋಲ್ಡರ್ ತೆರೆದೊಡನೆ ವಿಂಡೋಸ್ ಗಣಕಯಂತ್ರದ ಫೈಲ್ ಎಕ್ಸ್‌ಪ್ಲೋರರ್ ಮುಚ್ಚಿಹೋದರೆ, ಗಾಬರಿಯಿಂದ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಬಾರದು. ಎಕ್ಸ್‌ಪ್ಲೋರರ್ ನಿಂತಿತೆಂದ ಮಾತ್ರಕ್ಕೆ ದಾಖಲೆ ನಾಶವಾಗಿದೆ ಎಂದಲ್ಲ. ಆದರೆ ಕಳೆದ ಹಂಗಾಮಿನ ಚಿತ್ರೀಕರಣವನ್ನು ಮತ್ತೆ ಮಾಡಲಾಗದು.

ಲಕ್ಷಣಗಳು
• ಫೋಲ್ಡರ್ ತೆರೆದಾಗ ಕಿಟಕಿ ಪ್ರತಿಕ್ರಿಯಿಸದೆ ನಿಲ್ಲುವುದು.
• ಪರದೆಯ ಟಾಸ್ಕ್‌ಬಾರ್ ಮತ್ತು ಐಕಾನ್‌ಗಳು ಕ್ಷಣಕಾಲ ಮಾಯವಾಗಿ ಮರಳುವುದು.
• ಕಡತವನ್ನು ಅಳಿಸಲು ಹೋದರೆ, ಅದು ಬಳಕೆಯಲ್ಲಿದೆ ಎಂಬ ಸಂದೇಶ ಬರುವುದು.

ಕಾರಣಗಳು
ಎಕ್ಸ್‌ಪ್ಲೋರರ್ ಕಡತದ ಹೆಸರನ್ನಷ್ಟೇ ತೋರಿಸುವುದಿಲ್ಲ. ಥಂಬ್‌ನೇಲ್ ಮತ್ತು ವಿಡಿಯೊ ಅವಧಿಯನ್ನು ತೋರಿಸಲು ಕಡತದ ಒಳಭಾಗವನ್ನೂ ಓದುತ್ತದೆ. ಈ ಕಾರ್ಯಕ್ಕೆ ಬಳಕೆಯಾಗುವ ಕೋಡೆಕ್ ದೋಷಯುಕ್ತವಾಗಿದ್ದರೆ ಎಕ್ಸ್‌ಪ್ಲೋರರ್ ಕೂಡ ನಿಲ್ಲಬಹುದು. ಚಿತ್ರೀಕರಣದ ನಡುವೆ ಬ್ಯಾಟರಿ ಮುಗಿದರೆ ಎಂಪಿ4 ಕಡತದ ಸೂಚಿ ಭಾಗ ಬರೆಯಲ್ಪಡದೆ ಕಡತ ಅಪೂರ್ಣವಾಗಿ ಉಳಿಯಬಹುದು. ಇದೂ ಒಂದು ಕಾರಣ.

ನಿರ್ವಹಣಾ ಕ್ರಮಗಳು
1. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ವಿಂಡೋಸ್ ಎಕ್ಸ್‌ಪ್ಲೋರರ್ ಆಯ್ದು ‘ರೀಸ್ಟಾರ್ಟ್’ ಒತ್ತಬೇಕು.
2. ತೊಂದರೆಯ ಫೋಲ್ಡರ್ ತೆರೆಯದೆ, ಕಂಟ್ರೋಲ್ ಪ್ಯಾನೆಲ್‌ನ ‘ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್’ಗೆ ಹೋಗಬೇಕು. ‘ವ್ಯೂ’ ವಿಭಾಗದಲ್ಲಿ ‘ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್’ ಎಂಬುದನ್ನು ಗುರುತಿಸಿ ‘ಅಪ್ಲೈ’ ಒತ್ತಬೇಕು.
3. ಪ್ರಿವ್ಯೂ ಪೇನ್ ತೆರೆದಿದ್ದರೆ ಆಲ್ಟ್ ಮತ್ತು ಪಿ ಕೀಲಿಗಳಿಂದ ಮುಚ್ಚಬೇಕು. ಫೋಲ್ಡರನ್ನು ‘ಲಿಸ್ಟ್’ ನೋಟದಲ್ಲಿ ವೀಕ್ಷಿಸಬೇಕು.
4. ಫೋಲ್ಡರ್ ತೆರೆದುಕೊಂಡ ಕೂಡಲೇ ಎಲ್ಲ ಕಡತಗಳನ್ನು ಹಾರ್ಡ್ ಡಿಸ್ಕ್‌ಗೆ ನಕಲಿಸಬೇಕು. ಮುಂದಿನ ಪ್ರಯತ್ನಗಳನ್ನು ನಕಲಿನ ಮೇಲೆ ಮಾತ್ರ ಕೈಗೊಳ್ಳಬೇಕು.
5. ಡಿಸ್ಕ್ ಕ್ಲೀನಪ್‌ನಲ್ಲಿ ‘ಥಂಬ್‌ನೇಲ್ಸ್’ ಒಂದನ್ನೇ ಆಯ್ದು ಹಳೆಯ ಸಂಗ್ರಹ ಅಳಿಸಬೇಕು. ಪ್ರತ್ಯೇಕವಾಗಿ ಅಳವಡಿಸಿದ ಕೋಡೆಕ್ ಪ್ಯಾಕ್ ಇದ್ದರೆ ನವೀಕರಿಸಬೇಕು ಅಥವಾ ತೆಗೆದುಹಾಕಿ ಗಣಕಯಂತ್ರವನ್ನು ಪುನರಾರಂಭಿಸಬೇಕು.
6. ದೋಷಪೂರಿತ ಕಡತವನ್ನು ಗುರುತಿಸಲು ಥಂಬ್‌ನೇಲ್ ಮತ್ತೆ ಸಕ್ರಿಯಗೊಳಿಸಿ, ನಕಲಿಸಿದ ಕಡತಗಳನ್ನು ಎರಡು ಫೋಲ್ಡರ್‌ಗಳಾಗಿ ಹಂಚಿ ಪರೀಕ್ಷಿಸಬೇಕು. ತೊಂದರೆ ಕಂಡ ಭಾಗವನ್ನು ಪುನಃ ಇಬ್ಭಾಗಿಸುತ್ತ ಹೋದರೆ ಕಡತ ಸಿಗುತ್ತದೆ. ಅದನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ನೋಡಬಹುದು.

ಮುನ್ನೆಚ್ಚರಿಕೆ
ಚಿತ್ರೀಕರಣವನ್ನು ಪೂರ್ಣವಾಗಿ ನಿಲ್ಲಿಸಿದ ನಂತರವೇ ಕ್ಯಾಮೆರಾ ಆರಿಸಬೇಕು. ಗಣಕಯಂತ್ರದಿಂದ ಕಾರ್ಡ್ ತೆಗೆಯುವ ಮೊದಲು ‘ಇಜೆಕ್ಟ್’ ಆಜ್ಞೆ ಬಳಸಬೇಕು. ಎರಡು ಕಡೆ ನಕಲು ಇರುವುದನ್ನು ಖಚಿತಪಡಿಸಿಕೊಳ್ಳದೆ ಕಾರ್ಡನ್ನು ಖಾಲಿ ಮಾಡಬಾರದು.